ಪೊರಕೆ ಮತ್ತು ಹಮ್ಮಿಂಗ್ ಹಕ್ಕಿ

ಜುಲೈ 19, ಶನಿವಾರ

ಇವತ್ತೂ ಒಂದೇ ಒಂದು ಹಮ್ಮಿಂಗ್ ಹಕ್ಕಿ ಬಂತು. ನಾನು ಜಗಲಿಯಲ್ಲಿ ತೂಗುಹಾಕಿದ ಸಕ್ಕರೆ ನೀರಿಗೆ ಎರಡು ಸಲ ಕೊಕ್ಕು ಅದ್ದಿ ಹಾರಿಹೋಯಿತು. ಅಮ್ಮನ ಕಾಲದಲ್ಲಿ ಇದೇ ಜಗಲಿಯಲ್ಲಿ ಅವುಗಳ ಹಾರಾಟಕ್ಕೆ ತಲೆ ತಗ್ಗಿಸಿ ಕೂರಬೇಕಿತ್ತು. ಚಿಟ್ಟೆಗಳಂತೂ ಈ ಬೇಸಿಗೆಯಲ್ಲಿ ನಾಲ್ಕು ಕಂಡಿದ್ದರೆ ಹೆಚ್ಚು.

ತಲೆ ಕೆಟ್ಟುಹೋಗಿದೆ. ಪಕ್ಕದ ಮನೆಯ ಡ್ವೇನ್ ಸೊಳ್ಳೆ ಸಾಯಲೆಂದು ತಿಂಗಳಿಗೊಮ್ಮೆ ಹಿತ್ತಲಿಗೆಲ್ಲ ಔಷಧಿ ಹೊಡೆಸುತ್ತಾನೆ. ನಿಲ್ಲಿಸೋ ಎಂದು ಮೂರು ಬೇಸಿಗೆಯಿಂದ ಬಡಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಅದೇ ಉತ್ತರ: "ನೋಡೋಣ ಬಿಡಿ, ಮಿಸ್ ವರ್ನಾ." ಇವತ್ತು ಜಗಲಿ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ಬೇಲಿಗೆ ಹೋದೆ.

"ಬರೀ ಸಕ್ಕರೆ ನೀರಲ್ಲಿ ಮರಿ ಸಾಕೋಕಾಗುತ್ತೇನೋ? ಆ ಹಕ್ಕಿಗಳಿಗೆ ಹುಳ ಬೇಕು. ನೀನು ಎಲ್ಲಾನೂ ಕೊಂದು ಕೂತಿದೀಯ!"

ಅವನು ನನ್ನ ಪೊರಕೆಯನ್ನೇ ನೋಡಿದ. ಅದರ ತುದಿಗೆ ಜೇಡರ ಬಲೆ ಸುತ್ತಿಕೊಂಡಿತ್ತು.

"ಅವಕ್ಕೆ ಈ ಬಲೆನೂ ಬೇಕಂತೆ, ಗೊತ್ತಾ? ಮಗಳಿಗೆ ಶಾಲೇಲಿ ಹೇಳ್ಕೊಟ್ರು. ಬಲೆ ನೂಲಿಂದ ಬಿಗಿದ್ರೇನೇ ಗೂಡು ನಿಲ್ಲೋದಂತೆ. ನೀವು ನೋಡಿದ್ರೆ ಶನಿವಾರ ಶನಿವಾರ ಸೂರಿಂದ ಕಿತ್ತು ಎಸೀತೀರಿ."

ಗುಡಿಸದೆ ಏನು ಮಾಡಲಿ? ಭಾನುವಾರ ಚರ್ಚ್ ಮುಗಿಸಿ ಹೆಂಗಸರೆಲ್ಲ ಐಸ್ ಟೀ ಕುಡಿಯಲು ಇಲ್ಲಿಗೇ ಬರುತ್ತಾರೆ. ಆ ಇಮೋಜೀನ್‌ಳ ಕಣ್ಣು ಮೊದಲು ಹೋಗುವುದೇ ಮೂಲೆಗಳಿಗೆ.

"ಆ ಪೊರಕೆ ಇತ್ಲಾಗೆ ಕೊಡಿ, ನಾಳೆಯಿಂದ್ಲೇ ಔಷಧಿ ಬಂದ್" ಎಂದು ಡ್ವೇನ್ ಬೇಲಿಯ ಮೇಲಿಂದ ಕೈ ಚಾಚಿದ.

ಒಂದು ಪೊರಕೆ. ಕೊಟ್ಟುಬಿಡಬಹುದಿತ್ತು. ಎದೆಗೆ ಅವುಚಿಕೊಂಡು ನಿಂತೆ. ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲೂ ನಾಚಿಕೆ:

"ನೋಡೋಣ ಬಿಡೋ, ಡ್ವೇನ್."