ಶಾಲೆಯಲ್ಲಿ ನಾನು ಬರೆಸಿದ ಜಾತಿ

ಸೆಪ್ಟೆಂಬರ್ ೩, ಬೆಳಿಗ್ಗೆ
ಕೋಳಿ ಬಿಟ್ಟಾಯಿತು. ಚಹಾ ಆಯಿತು. ಮೊಮ್ಮಗಳು ಚೇತನಾ ಇನ್ನೂ ಮೊಬೈಲ್ ನೋಡುತ್ತಿದ್ದಾಳೆ. ಧಾರವಾಡದಲ್ಲಿ ಎಂ.ಎ. ಸೀಟು ಸಿಕ್ಕಿದೆಯಂತೆ, ಬುಡಕಟ್ಟಿನವರ ಪಾಲಿನಲ್ಲಿ. ಹದಿನೈದರೊಳಗೆ ಜಾತಿ ಸರ್ಟಿಫಿಕೇಟ್ ತೋರಿಸಬೇಕು. ಇಲ್ಲದಿದ್ದರೆ ಸೀಟು ಬೇರೆಯವರಿಗೆ.
ನಮ್ಮ ಸಿದ್ದಿ ಕೇರಿಯಿಂದ ಎಂ.ಎ.ಗೆ ಹೋಗುವವಳು ಇವಳೇ ಮೊದಲು. ಹಾಗಂತ ಚಹಾ ಲೋಟ ತೊಳೆಯಬಾರದೆ?

ಸೆ. ೪
ಮಗ ಗಣಪ, ಚೇತನಾ ಯಲ್ಲಾಪುರದ ತಾಲೂಕು ಕಚೇರಿಗೆ ಹೋಗಿ ಬಂದರು. ಇಬ್ಬರ ಮುಖವೂ ಸುಟ್ಟ ಬದನೆಕಾಯಿ. ಅರ್ಜಿ ನಿಂತಿದೆ. ಗಣಪನ ಶಾಲೆ ದಾಖಲೆಯಲ್ಲಿ ಮರಾಠ ಎಂದಿದೆ. ಮಗಳದ್ದೂ ಅದನ್ನೇ ನೋಡಿ ಬರೆದದ್ದು.
"ಆ ಮಾಸ್ತರಿಗೆ ಕಣ್ಣಿರ್ಲಿಲ್ವೇನೋ," ಎಂದ ಗಣಪ.
ನಾನು ಅಕ್ಕಿ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ.

ಸೆ. ೫
ಬರೆಸಿದ್ದು ನಾನು. ನಲವತ್ತು ವರ್ಷ ಆಯಿತು.
ನಾನು ಶಾಲೆಗೆ ಹೋದ ನಾಲ್ಕು ವರ್ಷವೂ ಹಿಂದೆ ಕೂತವರು ನನ್ನ ಗುಂಗುರು ಕೂದಲು ಎಳೆದು ಎಳೆದು ನೋಡಿದರು. ಮಗನಿಗೆ ಅದು ಬೇಡ ಎನಿಸಿತು. "ಮರಾಠ ಅಂತ ಬರೀರಿ ಮಾಸ್ತರೇ," ಎಂದೆ. ಮಾಸ್ತರು ನನ್ನ ಕೂದಲು ನೋಡಿದರು. ಗಣಪನದ್ದೂ ನೋಡಿದರು. ಬರೆದರು.
ಕಾಗದದಲ್ಲಿ ಬರೆದರೆ ಕೂದಲು ನೆಟ್ಟಗಾಗುತ್ತದೆ ಎಂದುಕೊಂಡೆ... ಹುಚ್ಚಿ.

ಸೆ. ೯
ಇವತ್ತು ಹೇಳಿದೆ. ಚೇತನಾ ಎದ್ದು ಹೋದಳು.
ಗಣಪ ತಲೆ ಹಿಡಿದುಕೊಂಡ. "ನಾಳೆ ಸಾಹೇಬ್ರು ವಿಚಾರಣೆಗೆ ಬರ್ತಾರೆ ಆಯಿ. ಮಾಸ್ತರೇ ತಪ್ಪು ಬರ್ದ್ರು ಅಂದ್ಬಿಡು. ಅವ್ರು ತೀರ್ಕೊಂಡು ಎಷ್ಟೋ ವರ್ಷ ಆತು. ಆಗ ಸುಳ್ಳು ಹೇಳಿದ್ದೆ ಅಂದ್ರೆ ಈಗಿಂದು ಯಾರು ನಂಬ್ತಾರೆ?"
ಅದೂ ಹೌದು.

ಸೆ. ೧೦, ಸಂಜೆ
ಸಾಹೇಬರು ಬಂದರು. ಪಕ್ಕದ ಮನೆ ಸುಬ್ಬಿ ಸಾಕ್ಷಿ. "ಇವ್ಳು ಸಿದ್ದಿ ಅಲ್ದೇ ಇದ್ರೆ ನಾ ಡೀಸಿ!" ಎಂದಳು. ಸಾಹೇಬರಿಗೂ ನಗು.
ಮೂಲೆ ನೋಡಿದರು. "ಆ ತೆಂಗಿನಕಾಯಿ ಎಂತದು?"
"ನಮ್ಮ ಹಿರಿಯರು." ಸತ್ತವರನ್ನು ನಾವು ಕಾಯಿಯಲ್ಲಿ ಕೂರಿಸಿ ಪೂಜಿಸುತ್ತೇವೆ.
"ಶಾಲೇಲಿ ಮರಾಠ ಅಂತ ಬರೆಸಿದ್ದು ಯಾರು ಅಜ್ಜಿ?"
ಮಾಸ್ತರು ಎನ್ನಲು ಬಾಯಿ ತೆರೆದೆ. ಆ ಕಾಯಿಯಲ್ಲಿ ನನ್ನ ಅತ್ತೆ ಕೂತಿದ್ದಾಳೆ. ಬದುಕಿದ್ದಾಗಲೂ ಅವಳ ಎದುರು ನನಗೆ ಸುಳ್ಳು ದಕ್ಕುತ್ತಿರಲಿಲ್ಲ.
"ನಾನೇ," ಎಂದೆ.
ಹೇಳಿಕೆ ಬೇಕೆಂದರು. ಹೆಬ್ಬೆಟ್ಟಿಗೆ ಮಸಿ ಮುಂದೆ ಮಾಡಿದರು. ಪೆನ್ನು ಕೇಳಿದೆ. ಪೂರ್ತಿ ನಾನೇ ಬರೆದುಕೊಟ್ಟೆ.
ಗಣಪ ಮುಖ ತಿರುಗಿಸಿದ.

ಸೆ. ೧೪
ಮೊನ್ನೆ ಸರ್ಟಿಫಿಕೇಟ್ ಬಂತು. ಇವತ್ತು ಚೇತನಾ ಧಾರವಾಡಕ್ಕೆ ಹೊರಟಳು. ಹಿರಿಯರಿಗೆ ಕೈಮುಗಿದಳು. ನನಗಿಲ್ಲ.

ಸೆ. ೧೫, ಮಧ್ಯಾಹ್ನ
ಫೋನ್. ಅಪ್ಪನಿಗಲ್ಲ, ನನಗೆ.
"ಅಜ್ಜಿ, ಅಡ್ಮಿಶನ್ ಆತು. ಕೌಂಟರ್‌ನವ್ರು ನನ್ನ ಕೂದ್ಲೇ ನೋಡ್ತಿದ್ರು."
ಫೋನ್ ಕಿವಿಗೆ ಒತ್ತಿ ಹಿಡಿದೆ. "ನೀ ಎಂತ ಮಾಡ್ದೆ?"
"ಅವ್ರು ಕೇಳೋ ಮೊದ್ಲೇ ಸಿದ್ದಿ ಅಂದೆ. ಜೋರಾಗಿ. ಹಾಲ್ ಪೂರ್ತಿ ತಿರುಗಿ ನೋಡ್ತು. ನಿನ್ನ ಗಂಟ್ಲೇ ಬಂದದ್ದು ನಂಗೆ."
ಗಣಪನನ್ನು ಕೂಗಬೇಕು. ಅಟ್ಟದಿಂದ ನಮ್ಮ ಸಿದ್ದಿ ಕುಣಿತದ ದಮಾಮಿ ಡೋಲು ಇಳಿಸಲಿ. ತೊಗಲು ಸಡಿಲಾಗಿರುತ್ತದೆ, ಒಲೆ ಮುಂದೆ ಸ್ವಲ್ಪ ಕಾಯಿಸಿ...