ಅಳಿಯನ ಬಾಯಿಂದ ಹೇಳಿಸಿದ ಕಥೆ

ಬೇಗೂರು
12-9-2004

ತಮ್ಮ ರಘುನಾಥನಿಗೆ ನಿನ್ನ ಅಕ್ಕ ಸುಧಾಮಣಿಯ ಆಶೀರ್ವಾದ.

ಇಲ್ಲಿ ಎಲ್ಲರೂ ಆರೋಗ್ಯ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಜಾರಾಗಬೇಡ. ಬರೆಯಲು ಕೂತಾಗಲೆಲ್ಲ ಕೋಪ ಬಂದು ಹಾಳೆ ಹರಿದುಹಾಕಿದ್ದೇನೆ.

ವಾರಪತ್ರಿಕೆಯಲ್ಲಿ ಬಂದ ನಿನ್ನ ಪತ್ತೇದಾರಿ ಧಾರಾವಾಹಿಯ ಹದಿನಾಲ್ಕು ಕಂತನ್ನೂ ಓದಿದೆ. ಹೆಸರು, ಊರು ಬದಲಾಯಿಸಿದರೆ ನನಗೆ ಗೊತ್ತಾಗುವುದಿಲ್ಲವೇ? ಹಂಗಳದ ಅಳಿಯನ ಮನೆಯೇ ಅದು, ಅದೇ ಹಿತ್ತಲ ಬಾವಿ, ಅದರಲ್ಲಿ ಸಿಕ್ಕ ಹೆಣ. ಅದು ನನ್ನ ಮಗಳು ಮಾನಸ ಕಣೋ. ಧಾರೆಯ ದಿನ ಅವಳನ್ನು ಮಂಟಪಕ್ಕೆ ಕರೆತಂದ ಸೋದರಮಾವ ನೀನು. ಇಡೀ ಕಥೆಯನ್ನು ಅವಳನ್ನು ಕೊಂದ ಗಂಡನ ಬಾಯಿಂದ ಹೇಳಿಸಲು ನಿನಗೆ ಮನಸ್ಸಾದರೂ ಹೇಗೆ ಬಂತು?

ಅವನಿಗೆ ನಿದ್ದೆ ಬರಲಿಲ್ಲವಂತೆ. ಕೈ ನಡುಗಿತಂತೆ. ಚಿಕ್ಕಂದಿನಲ್ಲಿ ಅಪ್ಪನಿಂದ ಏಟು ತಿಂದಿದ್ದನಂತೆ. ನನ್ನ ಮಗಳು ತಿಂದ ಏಟು ಎಲ್ಲಿ ಹೋಯಿತು? ಹದಿನಾಲ್ಕು ಕಂತಿನಲ್ಲಿ ಅವಳು ಆಡಿದ್ದು ಮೂರೇ ಮಾತು. ಮೂರೂ ಜಗಳದವು, ಅದೂ ಅವನ ಕಿವಿಗೆ ಕೇಳಿದ ಹಾಗೆ.

"ಕೊಲೆಗಾರನೇ ಹೇಳಿದರೆ ಓದುಗ ಬಿಟ್ಟು ಏಳುವುದಿಲ್ಲ, ಅಕ್ಕ" ಎಂದು ಬರೆದಿದ್ದೀಯ. ಏಳಲಿಲ್ಲ ಬಿಡು. ಹಿಟ್ಟಿನ ಮಿಲ್ಲಿನಲ್ಲಿ ಶಿವಣ್ಣ ಗಟ್ಟಿಯಾಗಿ ಓದುತ್ತಾನೆ, ರಾಗಿ ಬೀಸಿಸಿಕೊಂಡವರೂ ಕೂತು ಕೇಳುತ್ತಾರೆ. ಮೊನ್ನೆ ಪಕ್ಕದ ಮನೆಯ ಚಿಕ್ಕಮಾದಮ್ಮ, ಮಾನಸಳನ್ನು ಎತ್ತಿ ಆಡಿಸಿದವಳು, ನನ್ನ ಮುಖಕ್ಕೇ ಅಂದಳು: "ಏನೇ ಅನ್ನು ಸುಧಾ, ಅವ್ನೂ ಪಾಪ ಕಣವ್ವ. ನಿನ್ ಮಗ್ಳೂ ವಸಿ ಬಾಯಿ ಬಿಗಿ ಇಡೀಬೇಕಿತ್ತು."

ಹೋದ ವರ್ಷ ಹಬ್ಬಕ್ಕೆ ಬಂದಾಗ ಮಾನಸಳ ಬೆನ್ನಿನ ಬಾಸುಂಡೆಗೆ ಎಣ್ಣೆ ಹಚ್ಚಿದವಳು ಇವಳೇ. ಮುಂದಿನ ತಿಂಗಳು ಚಾಮರಾಜನಗರದ ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷಿ ಹೇಳಬೇಕಾದವಳೂ ಇವಳೇ. ಈಗ "ಸರ್ಯಾಗಿ ಗ್ಯಾಪ್ನ ಇಲ್ಲ ಕಣಮ್ಮಿ" ಅನ್ನುತ್ತಾಳೆ.

ಈ ಸಲ ನನಗೆ ಗೌರಿ ಹಬ್ಬದ ಸೀರೆ ತರಬೇಡ. ಬರಿಗೈಲಿ ಬಂದು ಚಿಕ್ಕಮಾದಮ್ಮನ ಎದುರು ಕೂತು, ಅವನ ಸಂಕಟವೆಲ್ಲ ನೀನು ಕಟ್ಟಿದ್ದೆಂದು ಬಾಯಾರೆ ಹೇಳು. ಆ ಧಾರಾವಾಹಿಯನ್ನು ಪುಸ್ತಕ ಮಾಡಿಸುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನೂ ನಿಲ್ಲಿಸು.

ಹೊಟ್ಟೆ ಉರಿದು ಬರೆದಿದ್ದೇನೆ. ಆದರೂ ನೀನು ನನ್ನ ಒಡಹುಟ್ಟಿದವನು, ನಿನ್ನ ಹೆಂಡತಿ ಮಕ್ಕಳು ತಣ್ಣಗಿರಲಿ.

ಇತಿ,
ಸುಧಾಮಣಿ

ತಾ.ಕ.: ಇದನ್ನು ನಿನ್ನ ಭಾವನಿಗೂ ಹೇಳಿಲ್ಲ, ಪೊಲೀಸರಿಗೂ ಹೇಳಿಲ್ಲ. ಸಾಯುವ ಮೂರು ದಿನ ಮೊದಲು ಮಾನಸ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದ್ದಳು. "ಅವ್ವಾ, ಬಟ್ಟೆ ತಕ್ಕಂಡೇ ಬಂದಿವ್ನಿ. ಮನೆಗ್ ಬಂದ್ಬುಡ್ಲಾ?" ಅಂದಳು. ಆ ಭಾನುವಾರ ಅವಳ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. "ಅವ್ರು ಬಂದೋಗ್ಲಿ, ಸೋಮವಾರ ಬಾ" ಅಂದುಬಿಟ್ಟೆ. ತಪ್ಪು ಮಾಡಿದವರ ಬಾಯಿಂದಲೇ ಕಥೆ ಹೇಳಿಸಬೇಕಿದ್ದರೆ ನನ್ನನ್ನು ಕೇಳಬಹುದಿತ್ತು.