ಬೀದಿಯಲ್ಲಿ ಮಲಗಿದ್ದಕ್ಕೆ ಸಾಕ್ಷಿ ಕೇಳುವವರಿಗೆ

ನಗರಸಭೆಯ ಆಯುಕ್ತರಿಗೆ,

ಮಾನ್ಯರೇ, ಕಳೆದ ವಾರ ನಾನೊಬ್ಬ ಮುದುಕಿಯನ್ನು ನನ್ನ ಅಂಗಡಿಯಿಂದ ಬೀದಿಗೆ ಹಾಕಿದೆ. ತಮ್ಮ ಕಚೇರಿಯ ಸಲಹೆಯಂತೆಯೇ ಹಾಕಿದೆ. ಈಗ ಆಕೆಗೆ ನ್ಯುಮೋನಿಯಾ. ಅಭಿನಂದನೆಗಳು, ತಮ್ಮ ನಿಯಮ ಅಕ್ಷರಶಃ ಜಾರಿಯಾಗಿದೆ.

ನಾನು ಅಂಗಿ ಹೊಲಿಯುವ ಟೈಲರ್. ಆಕೆ ನಮ್ಮ ಬೀದಿಯ ಟೈಲರುಗಳಿಗೆಲ್ಲ ಕೈಯಲ್ಲೇ ಗುಂಡಿಯ ಕಾಜ ಹೊಲಿದುಕೊಟ್ಟವಳು. ಕಾಜಕ್ಕ ಎಂದೇ ಕರೆಯುತ್ತೇವೆ. ತಮ್ಮ ಅಂಗಿಯ ಕಾಜವೂ ಆಕೆಯದೇ ಇದ್ದೀತು, ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಕಣ್ಣು ಮಂಜಾಯಿತು, ಕೆಲಸ ಹೋಯಿತು, ಬಾಡಿಗೆ ಕೋಣೆಯಿದ್ದ ಕಟ್ಟಡವನ್ನು ಕೆಡವಿದರು. ಬಸ್ ನಿಲ್ದಾಣದ ಬೆಂಚಿಗೆ ಬಂದಳು. ಯಾರೂ ಮೈಚಾಚದಂತೆ ಆ ಬೆಂಚಿಗೆ ತಾವು ಕಬ್ಬಿಣದ ಅಡ್ಡಪಟ್ಟಿ ಹಾಕಿಸಿದ ಮೇಲೆ ನನ್ನ ಅಂಗಡಿಯ ಮೆಟ್ಟಿಲಿಗೆ ಬಂದಳು. ಮನೆಯಿಲ್ಲದವರಿಗೆಂದು ಇರುವ ನಗರಸಭೆಯ ತಂಗುದಾಣದಲ್ಲಿ ಜಾಗ ಕೇಳಿ ಅರ್ಜಿ ಹಾಕಿದೆವು.

ತಂಗುದಾಣಕ್ಕೆ ತಮ್ಮದೊಂದು ಅಪೂರ್ವ ನಿಯಮವಿದೆ. ಮನೆಯಿಲ್ಲದಿದ್ದರೆ ಸಾಲದು, ಬೀದಿಯಲ್ಲಿ ನಿದ್ದೆ ಮಾಡುತ್ತಿರುವುದನ್ನು ತಮ್ಮ ಸಿಬ್ಬಂದಿ ಕಣ್ಣಾರೆ ಕಂಡು ಫೋಟೋ ತೆಗೆಯಬೇಕು. ಯಾವತ್ತು ಬರುತ್ತಾರೆಂದು ಹೇಳುವುದಿಲ್ಲ. ಎದ್ದು ಕೂತಿದ್ದರೆ ಆಗದು. ಮೂತ್ರಕ್ಕೆ ಹೋಗಿದ್ದರೆ ಆಗದು. ಚಳಿ ತಾಳಲಾರದೆ ಅತ್ತಿತ್ತ ನಡೆದಾಡುತ್ತಿದ್ದರಂತೂ ವಾಯುವಿಹಾರಕ್ಕೆ ಬಂದವರೆಂದೇ ಲೆಕ್ಕ! ತಾವೇ ಹೇಳಿ ಸ್ವಾಮಿ, ತಾವು ಮನೆಯಲ್ಲೇ ಮಲಗುತ್ತೀರೆಂದು ಯಾರಾದರೂ ಮುಖಕ್ಕೆ ಟಾರ್ಚು ಬಿಟ್ಟು ಖಚಿತಪಡಿಸಿಕೊಂಡಿದ್ದಾರೆಯೇ?

ಕಾಜಕ್ಕ ಕೆಮ್ಮತೊಡಗಿದಳು. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ನಾವು ಐದು ಜನ. ಹಾಗಾಗಿ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನಡಿ, ತುಂಡುಬಟ್ಟೆ ಹರಡಿ ಮಲಗಿಸಿದೆ. ನಾನು ಮಾಡಿದ ಘನಘೋರ ಅಪರಾಧ ಅಷ್ಟೇ. ತಮ್ಮವರು ಬಂದು, ಖಾಲಿ ಮೆಟ್ಟಿಲು ನೋಡಿ, ಅರ್ಜಿ ವಜಾ ಮಾಡಿದರು. ಕಚೇರಿಗೆ ಓಡಿ, ಒಳಗೆ ಮಲಗಿಸಿದ್ದನ್ನು ಹೇಳಿದೆ.

"ಅವರಿಗೆ ಸೂರಿದೆಯಲ್ಲ ಮೇಡಂ, ನಿಮ್ಮ ಅಂಗಡಿ," ಅಂದರು ಗುಮಾಸ್ತರು.

"ಮೇಜಿನ ಅಡಿ ಕಣ್ರೀ ಅದು! ನಿಮ್ಮಮ್ಮನ್ನ ಮಲಗಿಸ್ತೀರಾ ಅಲ್ಲಿ?"

"ನಮ್ಮಮ್ಮನ ವಿಷಯ ಬಿಡಿ. ಮತ್ತೆ ಅರ್ಜಿ ಕೊಟ್ಟು ಒಂದೆರಡು ದಿನ ಹೊರಗೇ ಮಲಗಿಸಿ. ನಮ್ಮೋರು ಬಂದು ನೋಡ್ಕೋತಾರೆ. ಅಷ್ಟೇ, ಸುಲಭ."

ಈ ಸುಲಭೋಪಾಯವನ್ನು ಕಾಜಕ್ಕನಿಗೆ ಹೇಳುವಾಗ ನನಗೆ ಅಳು ಬಂತು. "ಅಯ್ಯೋ, ಅದಕ್ಯಾಕೆ ಅಳ್ತೀಯಾ ತಂಗಿ? ಮಲಗೋದು ತಾನೇ ಕೆಲಸ? ಕಾಜ ಹಾಕೋದಕ್ಕಿಂತ ಸಲೀಸು," ಎಂದು ನಕ್ಕು, ತಾನೇ ಚಾಪೆ ಎತ್ತಿಕೊಂಡು ಹೊರಟಳು. ನಾನು ಬಾಗಿಲು ಹಾಕಿಕೊಂಡೆ. ಹೊರಗೆ ಕೆಮ್ಮುವುದು ಕೇಳುತ್ತಲೇ ಇತ್ತು. "ನಿದ್ದೆ ಬರದಿದ್ರೂ ಕಣ್ಣು ಮುಚ್ಕೊಂಡಿರು ಅಕ್ಕಾ," ಎಂದು ಬಾಗಿಲ ಸಂದಿಯಿಂದ ಹೇಳಿಕೊಟ್ಟವಳೂ ನಾನೇ.

ಬೆಳಗಿನ ಜಾವ ತಮ್ಮವರು ಬಂದರು. ಟಾರ್ಚು ಬಿಟ್ಟರು, ಕೂಗಿದರು. ಆಕೆ ಏಳಲಿಲ್ಲ. 'ಗಾಢ ನಿದ್ರೆ' ಎಂದು ಬರೆದುಕೊಂಡು, ಫೋಟೋ ತೆಗೆದು, "ಚೆನ್ನಾಗಿ ಬಂದಿದೆ ಬಿಡು," ಎಂದು ಮಾತಾಡಿಕೊಳ್ಳುತ್ತ ಹೋದರು. ನಾನು ಬಾಗಿಲು ತೆಗೆದು ಮುಟ್ಟಿದರೆ ಮೈ ಕೆಂಡ, ಪ್ರಜ್ಞೆಯೇ ಇಲ್ಲ. ಆಂಬುಲೆನ್ಸ್ ಕರೆಸಿದೆ.

ನಿನ್ನೆ ತಮ್ಮ ಕಚೇರಿಯಿಂದ ಫೋನು ಬಂತು. ಆಕೆಗೆ ಜಾಗ ಮಂಜೂರಾಗಿತ್ತಂತೆ. ಆದರೆ ಆಸ್ಪತ್ರೆಯಲ್ಲಿರುವುದರಿಂದ, ಅಂದರೆ ಸೂರೂ ಹಾಸಿಗೆಯೂ ಇರುವುದರಿಂದ, ರದ್ದಾಯಿತಂತೆ. ವಾಸಿಯಾದ ಮೇಲೆ ಮತ್ತೆ ಹೊರಗೆ ಮಲಗಿ ತೋರಿಸಬೇಕಂತೆ. ಎಂಥ ತಲೆಗಳನ್ನು ಕೂರಿಸಿಕೊಂಡಿದ್ದೀರಿ ಸ್ವಾಮಿ! ಹೊಟ್ಟೆ ಉರಿದುಹೋಗುತ್ತದೆ.

ಸೋಮವಾರ ಆಕೆಯನ್ನು ಆಸ್ಪತ್ರೆಯಿಂದ ಕಳಿಸುತ್ತಾರೆ. ಇನ್ನೊಮ್ಮೆ ಬೀದಿಯಲ್ಲಿ ಮಲಗಿದರೆ ಬದುಕುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದಾರೆ. ನನ್ನ ಮೇಜಿನಡಿ ಮಲಗಿಸಿಕೊಂಡರೆ ಆಕೆಗೆ ಎಂದೆಂದಿಗೂ ಜಾಗವಿಲ್ಲ. ಹೊರಗೆ ಮಲಗಿಸಿದರೆ ಜಾಗ ಸಿಗುತ್ತದೆ, ಆಕೆ ಇರುವುದಿಲ್ಲ. ಆದ್ದರಿಂದ ನನ್ನ ಒತ್ತಾಯ: ಸೋಮವಾರ ತಾವೇ ಬಂದು, ವಾರ್ಡಿನಿಂದ ನೇರವಾಗಿ ತಂಗುದಾಣಕ್ಕೆ ಕರೆದೊಯ್ಯಿರಿ. ಅದಾಗದಿದ್ದರೆ, ಮುದುಕಿಯನ್ನು ಯಾವ ಬೀದಿಯಲ್ಲಿ ಸಾಯಿಸಬೇಕೆಂದು ಸಹಿ ಹಾಕಿ ಬರೆದುಕೊಡಿ. ಬಾಯಿಮಾತಿನ ಸಲಹೆಯ ಮೇಲೆ ಇನ್ನೊಮ್ಮೆ ಆಕೆಯನ್ನು ಹೊರಗೆ ಹಾಕುವಷ್ಟು ಗಟ್ಟಿ ಗುಂಡಿಗೆ ನನಗಿಲ್ಲ.

ಇಂತಿ,
ತಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಪಾಪಿ